ಆಟಕ್ಕೊಂದು ಗಣಕಯಂತ್ರ: ಹೊಸದನ್ನು ಕೊಳ್ಳುವುದೋ, ಹಳೆಯದನ್ನು ಬಲಪಡಿಸುವುದೋ?

(ಒಂದು ತೌಲನಿಕ ಅಧ್ಯಯನ)

ಆಟವು ಮನುಷ್ಯನಿಗೆ ಹುಟ್ಟಿನೊಡನೆ ಬಂದ ಪ್ರವೃತ್ತಿ. ಹುಣಸೆಬೀಜವನ್ನು ದಾಳವಾಗಿಸಿ ಜಗಲಿಯ ಮೇಲೆ ಆಡುತ್ತಿದ್ದ ಚೌಕಾಬಾರ, ಗುಡಿಯ ಕಲ್ಲುಹಾಸಿನ ಮೇಲೆ ಗೆರೆ ಕೊರೆದು ಆಡುತ್ತಿದ್ದ ಹುಲಿಕುರಿ ಆಟ, ಬಯಲಿನ ಲಗೋರಿ ಇವೆಲ್ಲವೂ ನಮ್ಮ ಹಿರಿಯರ ಬಾಲ್ಯವನ್ನು ತುಂಬಿದ್ದವು. ಇಂದಿನ ಮಕ್ಕಳ ಬಾಲ್ಯದಲ್ಲಿ ಆ ಸ್ಥಾನದ ಒಂದು ಪಾಲನ್ನು ಗಣಕಯಂತ್ರದ ಆಟಗಳು ಪಡೆದಿವೆ. ಇದು ಒಳಿತೋ ಕೆಡುಕೋ ಎಂಬ ಚರ್ಚೆ ಪ್ರಸ್ತುತ ಲೇಖನದ ಉದ್ದೇಶವಲ್ಲ. ಚೌಕಾಬಾರಕ್ಕೆ ಒಂದು ತುಂಡು ಸೀಮೆಸುಣ್ಣ ಸಾಕಾಗಿತ್ತು. ಗಣಕಯಂತ್ರಕ್ಕಾದರೋ ಒಂದು ಕುಟುಂಬದ ಹಲವು ತಿಂಗಳ ಉಳಿತಾಯವೇ ಬೇಕು. ಅನಂತಪುರ ಜಿಲ್ಲೆಯ ರಾಯದುರ್ಗ, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರ, ಇವೆರಡೂ ಮಳೆ ಕಡಮೆಯಾದ ಸೀಮೆಗಳು. ಶೇಂಗಾ ಬೆಳೆಯಿಂದಲೋ ಹೊಲಿಗೆಯ ಕೂಲಿಯಿಂದಲೋ ಕೂಡಿಟ್ಟ ಹಣ ಪೋಲಾಗಬಾರದಷ್ಟೆ. ಆದುದರಿಂದ ಆ ಹಣವನ್ನು ಯಂತ್ರದ ಯಾವ ಅಂಗಕ್ಕೆ, ಎಷ್ಟು, ಯಾವ ಕ್ರಮದಲ್ಲಿ ವೆಚ್ಚ ಮಾಡಿದರೆ ಸಾರ್ಥಕವಾದೀತು ಎಂಬುದನ್ನು ವಿದ್ಯಾರ್ಥಿಗಳೂ ತಂದೆತಾಯಂದಿರೂ ಕೂಡಿ ತಿಳಿಯಲೆಂಬುದೇ ಇಲ್ಲಿನ ಆಶಯ.

1. ಬೆಳೆದ ಬೇಡಿಕೆ

1993ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆಯು 'ಡೂಮ್' ಎಂಬ ಆಟವನ್ನು ಹೊರತಂದಿತು. ಅದನ್ನು ಆಡಲು 386 ವರ್ಗದ ಪ್ರೊಸೆಸರ್ ಹಾಗೂ 4 ಮೆಗಾಬೈಟ್ ರ‍್ಯಾಮ್ ಸಾಕಾಗಿತ್ತು. 2015ರಲ್ಲಿ ಗಣಕಯಂತ್ರಕ್ಕೆ ಬಂದ 'ಗ್ರ್ಯಾಂಡ್ ಥೆಫ್ಟ್ ಆಟೋ 5' ಕನಿಷ್ಠ 4 ಗಿಗಾಬೈಟ್ ರ‍್ಯಾಮ್ ಕೇಳಿತು. 2020ರಲ್ಲಿ ಬಂದ 'ಸೈಬರ್‌ಪಂಕ್ 2077' ಆಟದ ಕನಿಷ್ಠ ಅಗತ್ಯಗಳನ್ನು ಅದರ ತಯಾರಕರು 2023ರಲ್ಲಿ ಪರಿಷ್ಕರಿಸಿ, 12 ಗಿಗಾಬೈಟ್ ರ‍್ಯಾಮ್ ಮಾತ್ರವಲ್ಲದೆ ಎಸ್.ಎಸ್.ಡಿ. ಉಗ್ರಾಣವೂ ಇರಲೇಬೇಕೆಂದು ಸಾರಿದರು. 4 ಮೆಗಾಬೈಟ್‌ನಿಂದ 12 ಗಿಗಾಬೈಟ್‌ಗೆ ಎಂದರೆ ಮೂವತ್ತು ವರ್ಷಗಳಲ್ಲಿ 3,072 ಪಟ್ಟು ಏರಿಕೆ.

ಆದರೆ ಎಲ್ಲ ಆಟಗಳೂ ಹೀಗೆ ಹಸಿದಿರುವುದಿಲ್ಲ. 2020ರಲ್ಲಿಯೇ ಬಂದ 'ವ್ಯಾಲೊರಂಟ್' ಆಟವು ಕನಿಷ್ಠ ಮಟ್ಟದಲ್ಲಿ 4 ಗಿಗಾಬೈಟ್ ರ‍್ಯಾಮ್ ಮತ್ತು 2012ರ ಕಾಲದ ಇಂಟೆಲ್ ಎಚ್.ಡಿ. 4000 ಚಿತ್ರಾಂಗದ ಮೇಲೂ ನಡೆಯುವಂತೆ ರೂಪುಗೊಂಡಿತ್ತು. ಒಂದೇ ವರ್ಷದ ಎರಡು ಆಟಗಳ ನಡುವೆ ಇಷ್ಟು ಅಂತರವಿದೆ. ಆದುದರಿಂದ 'ಆಟದ ಯಂತ್ರ ಬೇಕು' ಎಂಬ ಮಾತಿಗೆ ಮೊದಲು 'ಯಾವ ಆಟ?' ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಪ್ರತಿಯೊಂದು ಆಟದ ತಯಾರಕರೂ ಕನಿಷ್ಠ ಅಗತ್ಯ ಮತ್ತು ಶಿಫಾರಸಿನ ಅಗತ್ಯ ಎಂಬ ಎರಡು ಪಟ್ಟಿಗಳನ್ನು ಪ್ರಕಟಿಸುತ್ತಾರೆ. ಹಣ ಎಣಿಸುವ ಮುನ್ನ ಆ ಪಟ್ಟಿಗಳನ್ನು ಓದುವುದು ಮೊದಲ ಕೆಲಸ.

2. ಯಂತ್ರದ ಅಂಗಗಳು

ರಾಯದುರ್ಗವು ಸಿದ್ಧ ಉಡುಪುಗಳ ಹೊಲಿಗೆಗೆ ಹೆಸರಾದ ಊರು. ಅಲ್ಲಿನ ಒಂದು ಹೊಲಿಗೆ ಕಾರ್ಖಾನೆಯನ್ನು ಕಣ್ಣಮುಂದೆ ತಂದುಕೊಂಡರೆ ಗಣಕಯಂತ್ರದ ಒಳರಚನೆ ಸುಲಭವಾಗಿ ತಿಳಿಯುತ್ತದೆ.

ಪ್ರೊಸೆಸರ್ ಎಂಬುದು ಕಟಿಂಗ್ ಮಾಸ್ಟರ್ ಇದ್ದಂತೆ. ಯಾವ ತುಂಡು ಎಲ್ಲಿಗೆ, ಯಾವ ಅಳತೆಯಲ್ಲಿ ಎಂಬ ತೀರ್ಮಾನಗಳನ್ನೆಲ್ಲ ಅದು ಮಾಡುತ್ತದೆ. ಆಟದಲ್ಲಿ ಎದುರಾಳಿ ಎತ್ತ ಓಡಬೇಕು, ಗುಂಡು ಎಲ್ಲಿ ತಗಲಿತು ಎಂಬುದು ಅದರ ಲೆಕ್ಕ. ಗ್ರಾಫಿಕ್ಸ್ ಕಾರ್ಡ್ ಎಂಬುದು ಸಾಲುಸಾಲಾಗಿ ಕುಳಿತ ಹೊಲಿಗೆಯವರ ಪಡೆ. ಒಬ್ಬೊಬ್ಬರದೂ ಸಣ್ಣ ಕೆಲಸ. ಆದರೆ ಎಲ್ಲರೂ ಏಕಕಾಲಕ್ಕೆ ಮಾಡುತ್ತಾರೆ. 2019ರ ಜಿಟಿಎಕ್ಸ್ 1650 ಕಾರ್ಡಿನಲ್ಲಿ ಇಂತಹ 896 ಗಣನಾಂಗಗಳಿದ್ದರೆ, 2023ರ ಆರ್‌ಟಿಎಕ್ಸ್ 4060ರಲ್ಲಿ 3,072 ಇವೆ. ರ‍್ಯಾಮ್ ಎಂಬುದು ಬಟ್ಟೆ ಹರಡುವ ಮೇಜು; ಹಾರ್ಡ್ ಡಿಸ್ಕ್ ಅಥವಾ ಎಸ್.ಎಸ್.ಡಿ. ಎಂಬುದು ಉಗ್ರಾಣ, ಮದರ್‌ಬೋರ್ಡ್ ಎಂಬುದು ಇವೆಲ್ಲಕ್ಕೂ ಆಸರೆಯಾದ ಕಟ್ಟಡ, ಪವರ್ ಸಪ್ಲೈ ಎಂಬುದು ಕಾರ್ಖಾನೆಗೆ ಬರುವ ವಿದ್ಯುತ್ತು. ಕೊನೆಯದಾಗಿ, ಮಾನಿಟರ್ ಪರದೆಯು ಸಿದ್ಧ ಉಡುಪನ್ನು ತೋರಿಸುವ ಅಂಗಡಿಯ ಗಾಜು.

ಕಟಿಂಗ್ ಮಾಸ್ಟರ್ ಎಷ್ಟೇ ಚುರುಕಾಗಿದ್ದರೂ ಹೊಲಿಯುವವರು ಇಬ್ಬರೇ ಇದ್ದರೆ ಕತ್ತರಿಸಿದ ಬಟ್ಟೆ ರಾಶಿ ಬೀಳುತ್ತದೆ. ನೂರು ಮಂದಿ ಹೊಲಿಯುವವರಿದ್ದು ಮಾಸ್ಟರ್ ನಿಧಾನಿಯಾದರೆ ಅವರೆಲ್ಲ ಕೈಕಟ್ಟಿ ಕೂರುತ್ತಾರೆ. ಕೆರೆ ತುಂಬಿದ್ದರೂ ತೂಬು ಅನುಮತಿಸಿದಷ್ಟೇ ನೀರು ಗದ್ದೆಗೆ ಹರಿಯುತ್ತದೆ ಎಂಬುದು ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ. ಯಂತ್ರದ ಒಟ್ಟು ಸಾಮರ್ಥ್ಯವನ್ನು ನಿರ್ಧರಿಸುವುದು ಅದರ ಅತ್ಯಂತ ದುರ್ಬಲವಾದ ಅಂಗ. ಈ ಲೇಖನದ ಸಾರವೆಲ್ಲ ಈ ಒಂದು ವಾಕ್ಯದಲ್ಲಿದೆ.

3. ಪರದೆಯ ಗಣಿತ

ಪರದೆಯ ಮೇಲಿನ ಚಲನೆ ವಾಸ್ತವವಾಗಿ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳ ಸರಣಿ. ಸೆಕೆಂಡಿಗೆ 30 ಚಿತ್ರಗಳು ಬರಬೇಕಾದರೆ ಒಂದೊಂದು ಚಿತ್ರಕ್ಕೂ ಯಂತ್ರಕ್ಕೆ ದೊರೆಯುವ ಕಾಲ 33.3 ಮಿಲಿಸೆಕೆಂಡು, 60 ಚಿತ್ರಗಳಾದರೆ 16.7, 144 ಆದರೆ ಕೇವಲ 6.9. ಇಷ್ಟರೊಳಗೆ ಒಂದು ಇಡೀ ಚಿತ್ರವನ್ನು ಬರೆದು ಮುಗಿಸಬೇಕು.

ಚಿತ್ರದ ಗಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಹಳೆಯ ಪರದೆಗಳ 1366 × 768 ಅಳತೆಯಲ್ಲಿ 10,49,088 ಬಿಂದುಗಳಿವೆ. ಈಗ ಸಾಮಾನ್ಯವಾದ 1920 × 1080 ಅಳತೆಯಲ್ಲಿ 20,73,600 ಬಿಂದುಗಳು. ಅಂದರೆ ಹೆಚ್ಚುಕಡಮೆ ಎರಡರಷ್ಟು. 3840 × 2160 ಅಳತೆಯಲ್ಲಿ 82,94,400. ಮಧ್ಯಮ ಅಳತೆಯ ಪರದೆಯಲ್ಲಿ ಸೆಕೆಂಡಿಗೆ 60 ಚಿತ್ರ ಬರೆಯುವ ಯಂತ್ರವು ಒಂದು ಸೆಕೆಂಡಿನಲ್ಲಿ 12,44,16,000 ಬಿಂದುಗಳಿಗೆ ಬಣ್ಣ ಹಚ್ಚುತ್ತದೆ. ದೊಡ್ಡ ಪರದೆಯನ್ನು ತಂದು ಹಳೆಯ ಕಾರ್ಡಿಗೆ ಜೋಡಿಸಿದವರಿಗೆ ಆಟವು ಮೊದಲಿಗಿಂತ ನಿಧಾನವಾಗಿ ಕಾಣುವುದೇಕೆ ಎಂಬುದಕ್ಕೆ ಉತ್ತರ ಈ ಗುಣಾಕಾರದಲ್ಲಿಯೇ ಇದೆ. ಅಂತೆಯೇ 60 ಹರ್ಟ್ಸ್ ಪರದೆಯು ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರಗಳನ್ನು ತೋರಿಸಲಾರದು. ಅದರ ಹಿಂದೆ ಎಷ್ಟೇ ಬೆಲೆಯ ಕಾರ್ಡನ್ನಿಟ್ಟರೂ ಕಣ್ಣಿಗೆ ಕಾಣುವ ಚಿತ್ರಗಳ ಸಂಖ್ಯೆ ಹೆಚ್ಚದು.

4. ದುರ್ಬಲ ಅಂಗವನ್ನು ಗುರುತಿಸುವ ಬಗೆ

ಇದಕ್ಕೆ ತಜ್ಞರ ಬಳಿಗೆ ಹೋಗಬೇಕಾಗಿಲ್ಲ. ವಿಂಡೋಸ್ ಯಂತ್ರದಲ್ಲಿ ಆಟ ನಡೆಯುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ 'ಟಾಸ್ಕ್ ಮ್ಯಾನೇಜರ್' ತೆರೆಯುತ್ತದೆ. ಅದರಲ್ಲಿ ಪ್ರತಿಯೊಂದು ಅಂಗವೂ ಶೇಕಡಾ ಎಷ್ಟು ದುಡಿಯುತ್ತಿದೆ ಎಂಬುದನ್ನು ಕಾಣಬಹುದು.

ಗ್ರಾಫಿಕ್ಸ್ ಅಂಗ ಶೇ. 95ಕ್ಕಿಂತ ಮೇಲಿದ್ದು ಪ್ರೊಸೆಸರ್ ಆರಾಮವಾಗಿದ್ದರೆ, ಹೊಲಿಯುವವರು ಸಾಲದು ಎಂದರ್ಥ. ಪ್ರೊಸೆಸರ್ ದಣಿದು ಗ್ರಾಫಿಕ್ಸ್ ಅಂಗ ಅರ್ಧ ಕೆಲಸದಲ್ಲಿಯೇ ಇದ್ದರೆ, ಮಾಸ್ಟರ್ ನಿಧಾನಿ ಎಂದರ್ಥ. ರ‍್ಯಾಮ್ ಪೂರ್ತಿ ತುಂಬಿದ್ದರೆ ಮೇಜು ಚಿಕ್ಕದು. ಡಿಸ್ಕ್ ಸದಾ ಶೇ. 100ರಲ್ಲಿದ್ದರೆ ಉಗ್ರಾಣದ ಬಾಗಿಲು ಕಿರಿದು. ಇನ್ನೊಂದು ಪರೀಕ್ಷೆಯೂ ಉಂಟು. ಆಟದ ಚಿತ್ರದ ಅಳತೆಯನ್ನು ತಗ್ಗಿಸಿ ನೋಡಿರಿ. ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ ಚೆನ್ನಾಗಿ ಏರಿದರೆ ಕೊರತೆ ಗ್ರಾಫಿಕ್ಸ್ ಅಂಗದ್ದು. ಏರದಿದ್ದರೆ ಬಹುಮಟ್ಟಿಗೆ ಪ್ರೊಸೆಸರಿನದು. ಹತ್ತು ನಿಮಿಷಗಳ ಈ ಪರೀಕ್ಷೆ ಎಷ್ಟೋ ಸಾವಿರ ರೂಪಾಯಿಗಳನ್ನು ಉಳಿಸಬಲ್ಲದು.

5. ನಾಲ್ಕು ವ್ಯವಸ್ಥೆಗಳ ತುಲನೆ

(ಅ) ಹಳೆಯ ಕಚೇರಿ ಯಂತ್ರ: ಸುಮಾರು 2013–14ರ ನಾಲ್ಕನೆಯ ಪೀಳಿಗೆಯ ಐ5 ಪ್ರೊಸೆಸರ್, ಒಂದೇ ತುಂಡಿನ 4 ಗಿಗಾಬೈಟ್ ರ‍್ಯಾಮ್, ಹಾರ್ಡ್ ಡಿಸ್ಕ್ ಇರುವ ಯಂತ್ರವೊಂದು ಮನೆಯಲ್ಲಿಯೇ ಇದೆಯೆನ್ನೋಣ. ಇದಕ್ಕೆ ಮೊದಲು ಬೇಕಾದದ್ದು ಎಸ್.ಎಸ್.ಡಿ. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100ರಿಂದ 150 ಮೆಗಾಬೈಟ್ ಓದಿದರೆ, ಸಾಟಾ ಬಗೆಯ ಎಸ್.ಎಸ್.ಡಿ. ಸುಮಾರು 550 ಮೆಗಾಬೈಟ್ ಓದುತ್ತದೆ. ಇದರಿಂದ ಸೆಕೆಂಡಿನ ಚಿತ್ರಗಳ ಸಂಖ್ಯೆ ಹೆಚ್ಚದಿದ್ದರೂ, ಯಂತ್ರ ಏಳುವ, ಆಟ ತೆರೆಯುವ ಕಾಲ ಬಹಳ ಇಳಿಯುತ್ತದೆ. ಎರಡನೆಯದು, ಅದೇ ಜಾತಿಯ ಮತ್ತೊಂದು ರ‍್ಯಾಮ್ ತುಂಡು. ಮೂರನೆಯದು ಗ್ರಾಫಿಕ್ಸ್ ಕಾರ್ಡ್. ಮದರ್‌ಬೋರ್ಡಿನ ಕಂಡಿಯು ಕಾರ್ಡಿಗೆ 75 ವ್ಯಾಟ್ ಮಾತ್ರ ಕೊಡಬಲ್ಲದು. ಕಚೇರಿ ಯಂತ್ರಗಳ ಪವರ್ ಸಪ್ಲೈಗಳಲ್ಲಿ ಕಾರ್ಡಿಗೆಂದು ಬೇರೆ ತಂತಿ ಬಹುಶಃ ಇರದು. ಆದುದರಿಂದ ಆ ಮಿತಿಯೊಳಗೆ ನಡೆಯುವ ಜಿಟಿಎಕ್ಸ್ 1650ರಂತಹ ಕಾರ್ಡಿನ, ಹೆಚ್ಚುವರಿ ತಂತಿ ಬೇಡದ ಮಾದರಿಯೇ ತಕ್ಕುದು. ಡಬ್ಬಿ ಕಿರಿದಾಗಿದ್ದರೆ ಕುಳ್ಳು ಕಾರ್ಡನ್ನೇ ಕೇಳಬೇಕು. ಅಳತೆ ತೆಗೆದುಕೊಂಡು ಹೋಗಬೇಕು.

ಇಲ್ಲಿ ಒಂದು ತೊಡಕಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಬಯಸುವುದು ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗವನ್ನು ಮತ್ತು ಇಂಟೆಲ್ ಆದರೆ ಬಹುತೇಕ ಎಂಟನೆಯ ಪೀಳಿಗೆಯ ಇಲ್ಲವೇ ಅದರ ನಂತರದ ಪ್ರೊಸೆಸರನ್ನು. ಹಳೆಯ ಯಂತ್ರಕ್ಕೆ ಲಿನಕ್ಸ್ ಒಂದು ದಾರಿ. 2018ರಲ್ಲಿ ವಾಲ್ವ್ ಸಂಸ್ಥೆಯು ಹೊರತಂದ 'ಪ್ರೋಟಾನ್' ಎಂಬ ತಂತ್ರಾಂಶದ ನೆರವಿನಿಂದ ವಿಂಡೋಸಿಗೆಂದು ಬರೆದ ಅನೇಕ ಆಟಗಳು ಲಿನಕ್ಸಿನಲ್ಲಿ ನಡೆಯುತ್ತವೆ. ಆದರೆ ಮೋಸ ತಡೆಯುವ ವಿಶೇಷ ತಂತ್ರಾಂಶವನ್ನು ನೆಚ್ಚಿದ ವ್ಯಾಲೊರಂಟ್‌ನಂತಹ ಆಟಗಳು ಅಲ್ಲಿ ನಡೆಯವು.

(ಆ) ಕಾರ್ಡಿಲ್ಲದ ಹೊಸ ಯಂತ್ರ: ಪ್ರೊಸೆಸರಿನೊಳಗೇ ಸಾಕಷ್ಟು ಬಲವಾದ ಚಿತ್ರಾಂಗವನ್ನು ಅಡಕಮಾಡಿದ ರೈಜನ್ 5 5600ಜಿ (2021), ರೈಜನ್ 5 8600ಜಿ (2024) ಮುಂತಾದುವು ಈ ವರ್ಗದವು. ಇವುಗಳಿಗೆ ತಮ್ಮದೇ ಆದ ಸ್ಮರಣೆಯಿಲ್ಲದ ಕಾರಣ ಯಂತ್ರದ ರ‍್ಯಾಮನ್ನೇ ಹಂಚಿಕೊಳ್ಳುತ್ತವೆ. ಡಿಡಿಆರ್4-3200 ಜಾತಿಯ ಒಂದು ತುಂಡು ಸೆಕೆಂಡಿಗೆ 25.6 ಗಿಗಾಬೈಟ್ ಸಾಗಿಸಿದರೆ, ಎರಡು ತುಂಡುಗಳು ಕೂಡಿ 51.2 ಸಾಗಿಸುತ್ತವೆ. ಆದುದರಿಂದ 16 ಗಿಗಾಬೈಟಿನ ಒಂದೇ ತುಂಡಿಗಿಂತ 8ರ ಎರಡು ತುಂಡುಗಳು ಇಲ್ಲಿ ಎಷ್ಟೋ ಮೇಲು. ಮಿತವಾದ ಹಣವುಳ್ಳ ಕುಟುಂಬಕ್ಕೆ ಈ ವ್ಯವಸ್ಥೆ ಅತ್ಯಂತ ವಿವೇಕಯುತವೆಂದು ತೋರುತ್ತದೆ. ಏಕೆಂದರೆ ಇಂದು ಹಗುರ ಆಟಗಳಿಗೂ ಓದಿಗೂ ಒದಗಿ, ಮುಂದೆ ಕೈಯಲ್ಲಿ ಹಣವಾಡಿದಾಗ ಕಾರ್ಡ್ ಸೇರಿಸಲು ಎಡೆ ಉಳಿದಿರುತ್ತದೆ. ಆ ದಿನವನ್ನು ನೆನೆದು ಪವರ್ ಸಪ್ಲೈಯನ್ನು ಮಾತ್ರ ಮೊದಲೇ ಒಳ್ಳೆಯದನ್ನು ಕೊಳ್ಳಬೇಕು.

(ಇ) ಪೂರ್ಣ ಪ್ರಮಾಣದ ಆಟದ ಯಂತ್ರ: ಆರು ಕೋರ್‌ಗಳ ಪ್ರೊಸೆಸರ್, 16 ಗಿಗಾಬೈಟ್ ರ‍್ಯಾಮ್, ಎಸ್.ಎಸ್.ಡಿ., ಹಾಗೂ 8 ಗಿಗಾಬೈಟ್ ಸ್ಮರಣೆಯುಳ್ಳ ಆರ್‌ಎಕ್ಸ್ 6600 (2021, 132 ವ್ಯಾಟ್) ಅಥವಾ ಆರ್‌ಟಿಎಕ್ಸ್ 4060 (2023, 115 ವ್ಯಾಟ್) ಮಟ್ಟದ ಕಾರ್ಡು, 550 ವ್ಯಾಟ್‌ನ ನಂಬಿಕೆಯ ಪವರ್ ಸಪ್ಲೈ. 1920 × 1080 ಅಳತೆಯಲ್ಲಿ ಬಹುಪಾಲು ಆಟಗಳಿಗೆ ಇದು ಧಾರಾಳ. ಇದಕ್ಕೂ ಮೇಲೆ ಸುರಿಯುವ ಹಣಕ್ಕೆ ದೊರೆಯುವ ಪ್ರತಿಫಲ ಕ್ರಮೇಣ ಕಡಮೆಯಾಗುತ್ತ ಹೋಗುತ್ತದೆ.

(ಈ) ಲ್ಯಾಪ್‌ಟಾಪ್: ಊರು ಬಿಟ್ಟು ವಸತಿನಿಲಯಕ್ಕೆ ಹೋಗುವ ವಿದ್ಯಾರ್ಥಿಗೆ ಇದರ ಅನುಕೂಲ ದೊಡ್ಡದು. ಆದರೆ ಇದರ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಅಂಗಗಳು ಸಾಮಾನ್ಯವಾಗಿ ಬೆಸುಗೆಯಾಗಿರುತ್ತವೆ. ಮುಂದೆ ಬದಲಿಸಬಹುದಾದದ್ದು ಹೆಚ್ಚೆಂದರೆ ರ‍್ಯಾಮ್ ಮತ್ತು ಎಸ್.ಎಸ್.ಡಿ. ಮಾತ್ರ. ಅಲ್ಲದೆ ಹೆಸರು ಒಂದೇ ಆದರೂ ಬಲ ಒಂದೇ ಇರದು. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060ಕ್ಕೆ ತಯಾರಕರು 35ರಿಂದ 115 ವ್ಯಾಟ್‌ವರೆಗೆ ಎಷ್ಟನ್ನಾದರೂ ಗೊತ್ತುಮಾಡಬಹುದು. ಆದುದರಿಂದ ಕಾರ್ಡಿನ ಹೆಸರಿನೊಡನೆ ವ್ಯಾಟ್ ಸಂಖ್ಯೆಯನ್ನೂ ವಿಚಾರಿಸಬೇಕು.

6. ಅಂಗಡಿಯಲ್ಲಿ ವಹಿಸಬೇಕಾದ ಎಚ್ಚರ

ರಾಯದುರ್ಗದವರಿಗೆ ಬಳ್ಳಾರಿ, ಮಡಕಶಿರದವರಿಗೆ ಹಿಂದೂಪುರ ಹತ್ತಿರದ ಪೇಟೆಗಳು. ಬಿಡಿಭಾಗಗಳನ್ನು ಆರಿಸಿ ಕೊಳ್ಳಬೇಕೆನ್ನುವವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಸುಪರಿಚಿತ. ಎಲ್ಲಿಯೇ ಕೊಳ್ಳಲಿ, ನಾಲ್ಕು ಮಾತುಗಳನ್ನು ನೆನಪಿನಲ್ಲಿಡಬೇಕು.

ಮೊದಲನೆಯದು, 'ಐ7' ಎಂಬ ಹೆಸರಿಗೆ ಮರುಳಾಗಬಾರದು. 2012ರ ಐ7-3770 ಮತ್ತು 2022ರ ಐ3-12100 ಎರಡರಲ್ಲೂ ಇರುವುದು ನಾಲ್ಕೇ ಕೋರ್‌ಗಳು. ಆದರೆ ಆಟದಲ್ಲಿ ಹೊಸ ಐ3 ಹಳೆಯ ಐ7ನ್ನು ಬಹಳ ಹಿಂದೆ ಹಾಕುತ್ತದೆ. ಅಡ್ಡಗೆರೆಯ ನಂತರದ ಅಂಕಿಗಳೇ ಪೀಳಿಗೆಯ ಗುರುತು: 3770 ಎಂದರೆ ಮೂರನೆಯದು, 12100 ಎಂದರೆ ಹನ್ನೆರಡನೆಯದು.

ಎರಡನೆಯದು, '4 ಜಿ.ಬಿ. ಗ್ರಾಫಿಕ್ಸ್' ಎಂಬ ಮಾತು ಏನನ್ನೂ ಹೇಳುವುದಿಲ್ಲ. 2014ರ ಜಿಟಿ 730 ಕಾರ್ಡಿಗೂ 4 ಗಿಗಾಬೈಟ್ ಇರಬಹುದು, ಜಿಟಿಎಕ್ಸ್ 1650ಕ್ಕೂ ಇರಬಹುದು. ಮೊದಲನೆಯದರಲ್ಲಿ ಗಣನಾಂಗಗಳು 384, ಕೆಲವು ಮಾದರಿಗಳಲ್ಲಿ 96 ಮಾತ್ರ, ಎರಡನೆಯದರಲ್ಲಿ 896. ಗೋದಾಮಿನ ವಿಸ್ತಾರವನ್ನು ಕೇಳಿ ಹೊಲಿಯುವವರ ಸಂಖ್ಯೆಯನ್ನು ಊಹಿಸಲಾಗದು. ಬಣ್ಣಬಣ್ಣದ ದೀಪಗಳಂತೂ ಯಂತ್ರದ ವೇಗಕ್ಕೆ ಏನನ್ನೂ ಕೂಡಿಸುವುದಿಲ್ಲ.

ಮೂರನೆಯದು, ಹೊಂದಾಣಿಕೆ. ಪ್ರೊಸೆಸರ್ ಕೂರುವ ಸಾಕೆಟ್ ಒಂದೊಂದು ಕಾಲಕ್ಕೆ ಒಂದೊಂದು. ಎ.ಎಂ.ಡಿ. ಸಂಸ್ಥೆಯ ಎಎಂ4 ಸಾಕೆಟ್ 2017ರ ಮೊದಲ ರೈಜನ್‌ನಿಂದ 5000 ಸರಣಿಯವರೆಗೆ ನಡೆದುಬಂದು, ಹಲವು ಹಳೆಯ ಬೋರ್ಡ್‌ಗಳಿಗೆ ಮರುಜೀವ ಕೊಟ್ಟಿತು. 2022ರಲ್ಲಿ ಎಎಂ5 ಬಂದಿತು. ಕಾರ್ಡುಗಳಲ್ಲಿಯೂ ಇಂತಹ ಸೂಕ್ಷ್ಮವಿದೆ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಮದರ್‌ಬೋರ್ಡಿನೊಡನೆ ನಾಲ್ಕು ದಾರಿಗಳಲ್ಲಿ ಮಾತ್ರ ಮಾತನಾಡುವುದರಿಂದ, ಪಿಸಿಐ ಎಕ್ಸ್‌ಪ್ರೆಸ್ 3.0 ಇರುವ ಹಳೆಯ ಬೋರ್ಡಿನಲ್ಲಿ ಅದರ ಸಾಗಾಟ ಅರ್ಧಕ್ಕಿಳಿಯುತ್ತದೆ. ಹೊಸ ಕಾರ್ಡು, ಹಳೆಯ ತೂಬು!

ನಾಲ್ಕನೆಯದು, ಬಿಲ್ಲು. ಶೇ. 18ರ ಜಿ.ಎಸ್.ಟಿ. ಉಳಿಸಲೆಂದು ಬಿಲ್ಲಿಲ್ಲದೆ ಕೊಂಡ ಕಾರ್ಡು ಕೆಟ್ಟರೆ ವಾರಂಟಿ ಕೇಳಲು ಆಧಾರವೇ ಇರದು. ಬೆಲೆಗಳೂ ಸ್ಥಿರವಲ್ಲ. ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಇಂತಹ ಕಾಲದಲ್ಲಿ ಇರುವ ರ‍್ಯಾಮನ್ನು ಉಳಿಸಿಕೊಂಡು ಬೇರೆ ಅಂಗವನ್ನು ಬಲಪಡಿಸುವುದೇ ಜಾಣತನ.

7. ನಮ್ಮ ಸೀಮೆಗೆ ತಕ್ಕ ಮಾತು

ನಮ್ಮದು ಬಿಸಿಲಿನ, ಧೂಳಿನ ನಾಡು. ಪ್ರೊಸೆಸರೂ ಕಾರ್ಡೂ ಬಿಸಿ ಮಿತಿಮೀರಿದಾಗ ತಮ್ಮನ್ನು ಕಾಪಾಡಿಕೊಳ್ಳಲು ತಾವಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಫ್ಯಾನು ಮತ್ತು ತಂಪುರೆಕ್ಕೆಗಳ ನಡುವೆ ಧೂಳು ಗಟ್ಟಿದ ಯಂತ್ರವು ಬೇಸಗೆಯಲ್ಲಿ ಮಂದವಾದರೆ ಅದಕ್ಕೆ ಬೇಕಾದದ್ದು ಹೊಸ ಕಾರ್ಡಲ್ಲ, ಒಂದು ಮೃದುವಾದ ಬ್ರಷ್ಷು. ವಿದ್ಯುತ್ ತಂತಿಯನ್ನು ಕಿತ್ತು, ಫ್ಯಾನು ತಿರುಗದಂತೆ ಹಿಡಿದು ಧೂಳು ತೆಗೆಯುವುದು ಖರ್ಚಿಲ್ಲದ ಮೊದಲ ಸುಧಾರಣೆ. ಖರ್ಚಿಲ್ಲದ ಇನ್ನೆರಡು ಸುಧಾರಣೆಗಳೂ ಇವೆ: ಪರದೆಯ ತಂತಿ ಮದರ್‌ಬೋರ್ಡಿಗೆ ಬದಲಾಗಿ ಗ್ರಾಫಿಕ್ಸ್ ಕಾರ್ಡಿಗೇ ಸೇರಿದೆಯೇ, 144 ಹರ್ಟ್ಸ್ ಪರದೆಯನ್ನು ಸೆಟಿಂಗ್ಸ್‌ನಲ್ಲಿ 144ಕ್ಕೆ ಇಡಲಾಗಿದೆಯೇ ಎಂದು ನೋಡುವುದು.

ಕರೆಂಟು ಹೋಗಿಬರುವ ಊರಿನಲ್ಲಿ ಯು.ಪಿ.ಎಸ್. ಅವಶ್ಯಕ. 600 ವಿ.ಎ. ಎಂದು ಬರೆದ ಸಾಮಾನ್ಯ ಯು.ಪಿ.ಎಸ್. ಹೊರಬಲ್ಲದ್ದು ಸುಮಾರು 360 ವ್ಯಾಟ್ ಮಾತ್ರ. ಕಾರ್ಡುಳ್ಳ ಯಂತ್ರ ಮತ್ತು ಪರದೆ ಸೇರಿದಾಗ ಅದು ಸಾಲದೆ ಹೋಗಬಹುದು. ತಿಂಗಳ ಖರ್ಚನ್ನೂ ಲೆಕ್ಕಿಸಬೇಕು: 400 ವ್ಯಾಟ್ ಎಳೆಯುವ ಯಂತ್ರ ದಿನಕ್ಕೆ 3 ಗಂಟೆ ನಡೆದರೆ 1.2 ಯೂನಿಟ್, ತಿಂಗಳಿಗೆ 36 ಯೂನಿಟ್.

8. ಆಟದಿಂದಾಚೆಗೆ

ಆಟಕ್ಕೆಂದು ಕೊಂಡ ಯಂತ್ರ ಆಟದಲ್ಲಿಯೇ ಮುಗಿಯಬೇಕಾಗಿಲ್ಲ. ಬಲವಾದ ಕಾರ್ಡುಳ್ಳ ಯಂತ್ರದಲ್ಲಿಯೇ 'ಬ್ಲೆಂಡರ್' ಎಂಬ ಉಚಿತ ತಂತ್ರಾಂಶದಿಂದ ಮೂರು ಆಯಾಮದ ಚಿತ್ರಗಳನ್ನು ರಚಿಸಬಹುದು. ಅದೇ ಕೀಲಿಮಣೆಯಲ್ಲಿ ಕನ್ನಡವನ್ನು ಬೆರಳಚ್ಚಿಸಲು ಕಲಿಯಬಹುದು. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ಭಾರತದ ಆಟ ತಯಾರಿಕೆಯಲ್ಲಿ ಮೊದಲಿಗರ ಸಾಲಿನದು; 2019ರಲ್ಲಿ ಅದು ಗ್ರ್ಯಾಂಡ್ ಥೆಫ್ಟ್ ಆಟೋ ಆಟದ ತಯಾರಕರಾದ ರಾಕ್‌ಸ್ಟಾರ್ ಸಂಸ್ಥೆಯ ಕೈಸೇರಿತು. 2020ರಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆಯು ನಮ್ಮ ಪುರಾಣಲೋಕವನ್ನು ಆಧರಿಸಿದ 'ರಾಜಿ' ಎಂಬ ಆಟವನ್ನು ಹೊರತಂದಿತು. ಗಡಿನಾಡಿನ ಕನ್ನಡ ಶಾಲೆಯ ಮಗುವೊಂದು ನಾಳೆ ಇಂತಹ ಕೆಲಸಕ್ಕೆ ಹೋಗಲಾರದೆಂದು ಹೇಳುವ ಕಾರಣ ಯಾವುದೂ ಇಲ್ಲ. ಹಣ ಕಟ್ಟಿ ಆಡುವ ಜಾಲದಾಟಗಳ ಮಾತೇ ಬೇರೆ. ಅವುಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ನಿಷೇಧಿಸಿದೆ. ತಂದೆತಾಯಂದಿರು ಇವೆರಡರ ಅಂತರವನ್ನು ತಿಳಿದಿರಬೇಕು.

ಉಪಸಂಹಾರ

ಒಟ್ಟಿನಲ್ಲಿ ಕ್ರಮ ಹೀಗೆ: ಮೊದಲು ಯಾವ ಆಟವೆಂದು ಗೊತ್ತುಮಾಡಿಕೊಳ್ಳುವುದು, ಬಳಿಕ ಧೂಳು ತೆಗೆದು ಸೆಟಿಂಗ್ಸ್ ಸರಿಪಡಿಸುವುದು, ಆಮೇಲೆ ದುರ್ಬಲ ಅಂಗವನ್ನು ಪರೀಕ್ಷೆಯಿಂದ ಗುರುತಿಸುವುದು, ಅದೊಂದನ್ನೇ ಬಲಪಡಿಸಿ ನೋಡುವುದು, ಅದರಿಂದಲೂ ಸಾಲದಾದರೆ ಮಾತ್ರ ಹೊಸ ಯಂತ್ರದ ಮಾತು. ಅಪ್ಪನ ಮುಂದೆ ಹಟ ಹಿಡಿಯುವ ಮಗ ಇಲ್ಲವೇ ಮಗಳು, ಒಂದು ಹಾಳೆಯ ಮೇಲೆ ಈ ಲೆಕ್ಕವನ್ನು ಬರೆದು ತೋರಿಸಿದರೆ ಆ ಮಾತಿಗೆ ತೂಕ ಬರುತ್ತದೆ. ಲೆಕ್ಕವನ್ನು ಕೇಳಿದ ಅಪ್ಪನಿಗೂ ತಾನು ಕೊಡುವ ಹಣ ಎಲ್ಲಿಗೆ ಹೋಗುತ್ತಿದೆಯೆಂಬ ಸಮಾಧಾನವಿರುತ್ತದೆ. ಐವತ್ತು ವರ್ಷಗಳಿಂದ ಈ ಶಾಲೆ ಕೂಡುವುದು, ಕಳೆಯುವುದು, ಗುಣಿಸುವುದನ್ನು ಕನ್ನಡದಲ್ಲಿ ಕಲಿಸಿದೆ. ಆ ಕಲಿಕೆ ಮನೆಯ ಹಣವನ್ನು ಕಾಯುವ ಬುದ್ಧಿಯಾಗಿ ಮಕ್ಕಳಲ್ಲಿ ಬೆಳೆಯಲಿ ಎಂಬುದೇ ನಮ್ಮ ಹಾರೈಕೆ.